ಬ್ರೆಜಿಲ್ ಕುರಿತ ಬೇಸಿಗೆ ಕಾರ್ಯಾಗಾರಕ್ಕೆ ಹೊರಟ ಶಿಕ್ಷಕರಿಗೆ

ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಲ್ಯಾಟಿನ್ ಅಮೆರಿಕ ಅಧ್ಯಯನ ಕೇಂದ್ರಗಳು ಬೇಸಿಗೆ ರಜೆಯಲ್ಲಿ ಶಾಲಾ ಶಿಕ್ಷಕರಿಗೆಂದೇ ಕಾರ್ಯಾಗಾರ ನಡೆಸುತ್ತವೆ. ಬ್ರೆಜಿಲ್ ಅದರಲ್ಲಿ ಆಗಾಗ ಬರುವ ವಿಷಯ. ಕೆಲವು ಮೂರ್ನಾಲ್ಕು ದಿನದವು, ಕೆಲವು ಒಂದೆರಡು ವಾರದವು. ಅಲ್ಲಿ ಪಾಠ ಮಾಡುತ್ತಿರುವ ಕನ್ನಡಿಗ ಶಿಕ್ಷಕರು ಧೈರ್ಯವಾಗಿ ಅರ್ಜಿ ಹಾಕಬಹುದು. ಬ್ರೆಜಿಲ್‌ನ ನುಡಿಯಾದ ಪೋರ್ಚುಗೀಸ್ ಬರಲೇಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುವುದಿಲ್ಲ.

ಅರ್ಜಿ ಗೆಲ್ಲುವುದು ಪಾಠದ ಯೋಚನೆಯಿಂದ. ‘ಬೇರೆ ಸಂಸ್ಕೃತಿಗಳೆಂದರೆ ಇಷ್ಟ’ ಎಂದು ಬರೆದರೆ ಅದು ನೂರರಲ್ಲಿ ಒಂದಾಗಿ ಹೋಗುತ್ತದೆ. ‘ಏಳನೇ ತರಗತಿಗೆ ಸಕ್ಕರೆ ವ್ಯಾಪಾರದ ಪಾಠವಿದೆ, ಅದಕ್ಕೆ ಬ್ರೆಜಿಲ್‌ನ ಬಾಹಿಯಾ ರಾಜ್ಯದ ಕಬ್ಬಿನ ತೋಟಗಳ ಬಗ್ಗೆ ಎರಡು ಪಿರಿಯಡ್ ಸೇರಿಸಬೇಕು’ ಎಂದು ಬರೆಯಿರಿ. ಹೊರಡುವ ಮೊದಲೇ ಎರಡು ವಿಷಯ ಕೇಳಿಕೊಳ್ಳಿ. ಈ ಗಂಟೆಗಳನ್ನು ನಿಮ್ಮ ಶಾಲಾ ಜಿಲ್ಲೆ ವೃತ್ತಿ ತರಬೇತಿಯೆಂದು ಒಪ್ಪುತ್ತದೆಯೇ? ಗೌರವಧನ ಇದ್ದರೆ ಕೈಸೇರುವುದು ಯಾವಾಗ? ಪಾಠಯೋಜನೆ ಒಪ್ಪಿಸಿದ ಮೇಲಷ್ಟೇ ಕೊಡುವ ರೂಢಿ ಹಲವು ಕಡೆ ಇದೆ. ಹಾಗಿದ್ದರೆ ಪ್ರಯಾಣದ ಖರ್ಚು ಮೊದಲು ನಿಮ್ಮ ಕೈಯಿಂದಲೇ ಹೋಗುತ್ತದೆ.

ಹೋಗುವ ಮುಂಚಿನ ನಾಲ್ಕು ವಾರ ದಿನಕ್ಕೆ ಹದಿನೈದು ನಿಮಿಷ ಬ್ರೆಜಿಲ್‌ನ ರೇಡಿಯೊ ಕೇಳಿ. ವ್ಯಾಕರಣ ಅಲ್ಲಿಯೇ ಕಲಿಯಬಹುದು, ಆದರೆ ಕಿವಿ ಪಳಗಲು ಕಾಲ ಬೇಕು. ಬರೆದದ್ದಕ್ಕೂ ನುಡಿಯುವುದಕ್ಕೂ ಅಲ್ಲಿ ತುಂಬ ಅಂತರ. ನಕ್ಷೆಯ ರೆಸಿಫೆ ನಗರ ಬಾಯಲ್ಲಿ ‘ಹೆಸೀಫಿ’, ರಿಯೊ ‘ಹೀಯು’, ಬ್ರಸಿಲ್ ‘ಬ್ರಝೀವ್’. ಸಾವ್ ಪೌಲೊ, ರಿಯೊ ಕಡೆಯವರು ‘ದಿ’, ‘ತಿ’ಗಳನ್ನು ‘ಜಿ’, ‘ಚಿ’ ಮಾಡುತ್ತಾರೆ: ‘ಬೊಂ ಜೀಯ’ (ಶುಭ ದಿನ), ‘ಬೋವ ನೊಯ್ಚಿ’ (ಶುಭ ರಾತ್ರಿ). ಹೆಸೀಫಿಯವರ ಬಾಯಲ್ಲಿ ಅವು ‘ದೀಯ’, ‘ನೊಯ್ತಿ’ ಆಗಿಯೇ ಉಳಿಯುವುದು ಸಾಮಾನ್ಯ. ನಿಮ್ಮ ಬೋಧಕರು ಎಲ್ಲಿಯವರು ಎಂದು ಮೊದಲ ದಿನವೇ ಕೇಳಿ, ಅವರ ಉಚ್ಚಾರಣೆಯನ್ನೇ ಹಿಡಿಯಿರಿ. ಎರಡನ್ನೂ ಬೆರೆಸಿದರೆ ಗೊಂದಲ.

ಇಲ್ಲಿ ಕನ್ನಡಿಗರ ನಾಲಿಗೆಗೆ ದೊಡ್ಡ ಅನುಕೂಲವಿದೆ. ಬ್ರೆಜಿಲ್‌ನವರ ತ, ದ ನಮ್ಮವೇ, ಹಲ್ಲಿಗೆ ತಾಗುವವು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಞ ಅಲ್ಲಿ ದಿನಬಳಕೆಯ ದನಿ: ಮರಗೆಣಸಿನ ಹಿಟ್ಟಿಗೆ ‘ಫರೀಞ’ ಎನ್ನುತ್ತಾರೆ. ನಾವು ‘ಬಸ್ಸು’, ‘ಬ್ಯಾಂಕು’ ಎಂದು ಕೊನೆಗೆ ‘ಉ’ ಹಚ್ಚುವಂತೆ ಅವರು ‘ಇ’ ಹಚ್ಚುತ್ತಾರೆ, ಫೇಸ್‌ಬುಕ್ಕು ‘ಫೇಸಿಬೂಕಿ’ ಆಗುತ್ತದೆ.

ತೊಂದರೆ ಬರುವುದು ಮೂಗಿನ ಸ್ವರದಲ್ಲಿ. ಅನುಸ್ವಾರ ಕಂಡೊಡನೆ ತುಟಿ ಮುಚ್ಚಿ ‘ಮ್’ ಎನ್ನುವುದು ನಮ್ಮ ಅಭ್ಯಾಸ. ರೊಟ್ಟಿಗೆ, ಬ್ರೆಡ್ಡಿಗೆ ಅವರು ಹೇಳುವ ‘ಪಾಂವ್’ನಲ್ಲಿ ತುಟಿ ಮುಚ್ಚಬಾರದು, ಸ್ವರವೇ ಮೂಗಿನಲ್ಲಿ ಹೋಗಬೇಕು. ಹೇಳುತ್ತಲೇ ಮೂಗು ಹಿಡಿದು ನೋಡಿ; ದನಿ ಕಟ್ಟಿಕೊಂಡರೆ ಸರಿಯಾಗಿದೆ. ಮೂಗಿನ ಸ್ವರ ತಪ್ಪಿ ‘ಪಾವ್’ ಎಂದರೆ ನೀವು ಕೇಳಿದ್ದು ದೊಣ್ಣೆ. ಕೊಂಕಣಿ ಬಲ್ಲವರಿಗೆ ಇದು ಸಲೀಸು. ಇನ್ನೊಂದು ತಪ್ಪು ಧನ್ಯವಾದದ್ದು. ಹೇಳುವವರು ಗಂಡಸಾದರೆ ‘ಒಬ್ರಿಗಾದು’, ಹೆಂಗಸಾದರೆ ‘ಒಬ್ರಿಗಾದ’. ಎದುರಿಗಿರುವವರು ಯಾರೆಂಬುದು ಲೆಕ್ಕಕ್ಕಿಲ್ಲ.

ಸ್ಪ್ಯಾನಿಷ್ ಕಲಿಸುವವರು ಹೆಚ್ಚು ಎಚ್ಚರ ವಹಿಸಬೇಕು. ಅವರಿಗೆ ಓದಿದ್ದೆಲ್ಲ ಅರ್ಥವಾಗುತ್ತದೆ, ಅದರಿಂದಲೇ ಎಡವುತ್ತಾರೆ. ‘ಬೊರ್ರಾಚ’ ಸ್ಪ್ಯಾನಿಷ್‌ನಲ್ಲಿ ಕುಡಿದ ಹೆಂಗಸು; ಅದೇ ಕಾಗುಣಿತದ ಪದ ಬ್ರೆಜಿಲ್‌ನಲ್ಲಿ ರಬ್ಬರು. ‘ಪೋಲ್ವೊ’ ಸ್ಪ್ಯಾನಿಷ್‌ನಲ್ಲಿ ಧೂಳು, ಪೋರ್ಚುಗೀಸ್‌ನಲ್ಲಿ ಆಕ್ಟೋಪಸ್.

ಸಂಸ್ಕೃತಿಯ ತರಗತಿಗಳಲ್ಲಿ ಕಾರ್ನಿವಲ್‌ನ ಬಣ್ಣ ಕಣ್ಣು ಸೆಳೆಯುತ್ತದೆ, ಆದರೆ ಮಕ್ಕಳಿಗೆ ಕೊಂಡೊಯ್ಯಲು ಅದಕ್ಕಿಂತ ಗಟ್ಟಿ ಸಾಮಗ್ರಿ ಇದೆ. ಕುಣಿತ, ಕಾಳಗ ಎರಡೂ ಬೆರೆತ ಕಪೊಯೇರವನ್ನೇ ತೆಗೆದುಕೊಳ್ಳಿ. ಗುಲಾಮರಾಗಿ ತಂದ ಆಫ್ರಿಕನ್ನರಲ್ಲಿ ಬೆಳೆದ ಆ ಕಲೆ 1890ರ ದಂಡಸಂಹಿತೆಯಲ್ಲಿ ಅಪರಾಧವಾಗಿತ್ತು. 2014ರಲ್ಲಿ ಅದರ ‘ಹೋದ’, ಅಂದರೆ ವೃತ್ತ, ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಈ ಎರಡು ಇಸವಿಗಳ ನಡುವೆ ಏನಾಯಿತು ಎಂದು ಮಕ್ಕಳನ್ನು ಕೇಳಿದರೆ ಒಂದು ಪಿರಿಯಡ್ ಸಾಲದು. ಜನಗಣತಿಯೂ ಒಳ್ಳೆಯ ಪಾಠ. ಅದರ ನಮೂನೆಯಲ್ಲಿ ಬಣ್ಣ ಅಥವಾ ಜನಾಂಗಕ್ಕೆ ಐದು ಆಯ್ಕೆಗಳಿವೆ. 2022ರಲ್ಲಿ ಶೇ. 45.3 ಜನ ತಮ್ಮನ್ನು ‘ಪಾರ್ದ’, ಅಂದರೆ ಬೆರಕೆ ಮೈಬಣ್ಣದವರು, ಎಂದು ಗುರುತಿಸಿಕೊಂಡರು. ಬಿಳಿಯರೆಂದವರು ಶೇ. 43.5, ಕಪ್ಪು ಜನರೆಂದವರು ಶೇ. 10.2. ಆಫ್ರೊ-ಬ್ರೆಜಿಲ್ ಚರಿತ್ರೆಯನ್ನು ಶಾಲೆಯಲ್ಲಿ ಕಲಿಸಲೇಬೇಕೆಂಬ ಕಾನೂನು 2003ರಿಂದ ಅಲ್ಲಿದೆ. ಅದನ್ನು ತರಗತಿಯಲ್ಲಿ ಹೇಗೆ ನಡೆಸುತ್ತಾರೆ ಎಂದು ಬೋಧಕರನ್ನು ಬಿಡದೆ ಕೇಳಿ.

ಅಡುಗೆಯ ಮಧ್ಯಾಹ್ನವಿದ್ದರೆ ‘ಪಾಂವ್ ಜಿ ಕೇಝು’ ಬಹುಶಃ ಇರುತ್ತದೆ: ಮಿನಾಸ್ ಜೆರಾಯ್ಸ್ ರಾಜ್ಯದ ಕಡೆಯ ಚೀಸ್ ಉಂಡೆ. ನಮ್ಮ ಸಾಬಕ್ಕಿ ಆಗುವ ಮರಗೆಣಸಿನ ಪಿಷ್ಟವೇ ಇದಕ್ಕೂ. 250 ಮಿಲಿ ಹಾಲು, 125 ಮಿಲಿ ಎಣ್ಣೆ, 10 ಗ್ರಾಂ ಉಪ್ಪು ಕುದಿಸಿ 500 ಗ್ರಾಂ ಪಿಷ್ಟಕ್ಕೆ ಸುರಿದು ಕಲಸಿ. ಕೈ ತಾಳುವಷ್ಟು ಆರಿದ ಮೇಲೆ ಎರಡು ಮೂರು ಮೊಟ್ಟೆ ಒಂದೊಂದಾಗಿ, ಕೊನೆಗೆ 250 ಗ್ರಾಂ ತುರಿದ ಚೀಸ್. ನಿಂಬೆಗಿಂತ ಚಿಕ್ಕ ಉಂಡೆ ಮಾಡಿ 200 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಬಿಸಿಯಲ್ಲೇ ಮೊಟ್ಟೆ ಹಾಕಿದರೆ ಅದು ಬೆಂದು ಗಂಟಾಗುತ್ತದೆ. ಹಾಲು ಕುದಿಯದಿದ್ದರೆ ಹಿಟ್ಟು ಬಿಗಿಯಾಗದೆ ಉಂಡೆ ಚಪ್ಪಟೆ. ಅವಸರಪಟ್ಟು ಒಲೆ ತೆರೆದರೆ ಉಬ್ಬಿದ್ದು ಕುಸಿಯುತ್ತದೆ. ಹುದುಗಿಸಿ ಬಿಸಿಲಲ್ಲಿ ಒಣಗಿಸಿದ ಹುಳಿ ಪಿಷ್ಟ ಚೆನ್ನಾಗಿ ಉಬ್ಬುತ್ತದೆ, ಸಪ್ಪೆಯದು ಅಷ್ಟಿಲ್ಲ.

ಸಸ್ಯಾಹಾರಿಗಳು ‘ಸೆಂ ಕಾಹ್ನಿ’, ಮಾಂಸವಿಲ್ಲದ್ದು, ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ‘ಕಾಹ್ನಿ’ ಎಂದರೆ ಹಲವರಿಗೆ ದನದ ಮಾಂಸ ಮಾತ್ರ, ಕೋಳಿ ತಟ್ಟೆಗೆ ಬಂದೀತು. ಹುರುಳಿಕಾಯಿ ಬೀಜದ ಸಾರಿನಲ್ಲೂ ಹಂದಿಯ ತುಂಡಿರಬಹುದು, ಕೇಳಿ.

ಕನ್ನಡಿಗ ಶಿಕ್ಷಕರಿಗೆ ಪಾಠ ಕಟ್ಟಲು ಒಂದು ಎಳೆ ಇಲ್ಲೇ ಇದೆ. ಮಂಗಳೂರಿನ ಗೇರು ಈಶಾನ್ಯ ಬ್ರೆಜಿಲ್‌ನ ಮರ. ‘ಕಾಜು’, ‘ಅನಾನಸು’ ಎರಡೂ ಅಲ್ಲಿನ ಮೂಲನಿವಾಸಿಗಳ ನುಡಿಯಿಂದ ಪೋರ್ಚುಗೀಸರ ಹಡಗೇರಿ ಬಂದ ಮಾತುಗಳು. ಆದರೆ ಬ್ರೆಜಿಲ್‌ನಲ್ಲಿ ಅನಾನಸು ಎನ್ನುವವರು ಕಡಿಮೆ, ‘ಅಬಕಶಿ’ ಎನ್ನಿ.

ಕಾರ್ಯಾಗಾರದಲ್ಲಿ ಬ್ರೆಜಿಲ್ ಪ್ರವಾಸವೂ ಸೇರಿದ್ದರೆ ಹಳದಿ ಜ್ವರದ ಲಸಿಕೆ ಮರೆಯಬೇಡಿ. ಬ್ರೆಜಿಲ್‌ನಿಂದ ನೇರ ಊರಿಗೆ ಬರುವ ಯೋಚನೆಯಿದ್ದರೆ ಭಾರತದಲ್ಲಿ ಅದರ ಪ್ರಮಾಣಪತ್ರ ಕೇಳುತ್ತಾರೆ, ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಅದು ಊರ್ಜಿತ. ಪತ್ರವಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿರಿಸಬಹುದು. ಜೂನ್-ಜುಲೈ ಅಲ್ಲಿ ಚಳಿಗಾಲ. ದಕ್ಷಿಣದ ಊರುಗಳಿಗೆ ಸ್ವೆಟರ್ ಬೇಕೇ ಬೇಕು.