ಹಗುರ ಲ್ಯಾಪ್‌ಟಾಪ್: ತೂಕ ಇಳಿಸಲು ತೆಗೆದದ್ದೇನು?

ಒಂದೂವರೆ ಕೆಜಿ ಇರಬೇಕಾದ ಲ್ಯಾಪ್‌ಟಾಪ್ ಒಂದು ಕೆಜಿಗೆ ಇಳಿದಿದ್ದರೆ ಆ ಅರ್ಧ ಕೆಜಿ ಎಲ್ಲಿಂದಲೋ ಹೋಗಿರಲೇಬೇಕು. ಸ್ವಲ್ಪ ಭಾಗ ಕಾರ್ಬನ್ ಫೈಬರ್, ಮೆಗ್ನೀಸಿಯಂ ಹೊದಿಕೆಯಿಂದ ಹೋಗಿರುತ್ತದೆ. ಉಳಿದದ್ದು ಬ್ಯಾಟರಿ, ಪೋರ್ಟು, ರ್‍ಯಾಮ್ ಸ್ಲಾಟು (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ ಕೂರಿಸುವ ಜಾಗ), ಫ್ಯಾನುಗಳ ಲೆಕ್ಕದಲ್ಲಿ. ಹಾಗೆ ತೆಗೆದದ್ದು ನಿಮ್ಮ ಕೆಲಸಕ್ಕೆ ಬೇಕಾದದ್ದೇ ಆಗಿದ್ದರೆ ಲಕ್ಷ ರೂಪಾಯಿ ಕೊಟ್ಟರೂ ಅದು ದಂಡ. ಕಾರವಾರದಿಂದ ಭಟ್ಕಳದವರೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ವಿಮಾ ಏಜೆಂಟರಿಗೆ ಸರಿಹೊಂದುವ ಯಂತ್ರ, ಶಿರಸಿಯ ಸೊಸೈಟಿಗಳಲ್ಲಿ ಲೆಕ್ಕ ನೋಡುವವರಿಗೆ ಸರಿಹೊಂದದೆ ಹೋಗಬಹುದು.

ಮೊದಲು ತೂಗಿ. ಕಂಪನಿ ಹೇಳುವ ತೂಕ ಸಾಮಾನ್ಯವಾಗಿ ಅತಿ ಹಗುರ ಮಾದರಿಯದು, ಚಾರ್ಜರ್ ಬಿಟ್ಟು. 65 ವ್ಯಾಟಿನ ಚಾರ್ಜರ್ ವೈರು ಸೇರಿ 300 ಗ್ರಾಂ ದಾಟಬಹುದು. ಪೋರ್ಟು ಸಾಲದೆ ಹಬ್ ಒಯ್ಯಬೇಕಾದರೆ ಇನ್ನೊಂದು 100 ಗ್ರಾಂ. ಬ್ಯಾಗಿನೊಳಗೆ ಹೋಗುವ ಅಷ್ಟನ್ನೂ ಒಟ್ಟಿಗೆ ತಕ್ಕಡಿಗೆ ಇಟ್ಟು ಹೋಲಿಸಿ. ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಸುಮಾರು 1.1 ಕೆಜಿ; ಅದರ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಮುಂದೆ ಹೆಚ್ಚಿಸಲು ಬರುವುದಿಲ್ಲ. ಅದೇ ಕಂಪನಿಯ ಟಿ14ರ ಮೊದಲ ಎರಡು ತಲೆಮಾರು ಒಂದೂವರೆ ಕೆಜಿಯ ಆಸುಪಾಸು. ಆದರೆ ಅದರಲ್ಲಿ ಒಂದು ರ್‍ಯಾಮ್ ಸ್ಲಾಟ್ ಇದೆ, ಇಂಟರ್ನೆಟ್ ಕೇಬಲ್ ನೇರ ಚುಚ್ಚಬಹುದು. ಹಳ್ಳಿಯ ಸೊಸೈಟಿಯಲ್ಲಿ ವೈಫೈ ಕೈಕೊಟ್ಟ ದಿನ ಆ ಕೇಬಲ್ ಪೋರ್ಟಿನ ಬೆಲೆ ತಿಳಿಯುತ್ತದೆ. ಜಿಎಸ್‌ಟಿ, ಆದಾಯ ತೆರಿಗೆ ಫೈಲಿಂಗಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಇನ್ನೂ ಹೆಚ್ಚಾಗಿ ಹಳೆಯ ಅಗಲ ಯುಎಸ್‌ಬಿಯದೇ. ಆ ಪೋರ್ಟು ಒಂದಾದರೂ ಇರಲಿ.

ರ್‍ಯಾಮ್ ಬೆಸುಗೆಯದೋ ಸ್ಲಾಟಿನದೋ ಎಂದು ಅಂಗಡಿಯಲ್ಲೇ ನೋಡಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ತೆರೆಯಿರಿ. ಫಾರ್ಮ್ ಫ್ಯಾಕ್ಟರ್ ಎದುರು 'ರೋ ಆಫ್ ಚಿಪ್ಸ್' ಎಂದಿದ್ದರೆ ಸಾಮಾನ್ಯವಾಗಿ ಬೆಸುಗೆ, 'ಎಸ್ಒಡಿಐಎಂಎಂ' ಎಂದಿದ್ದರೆ ಬಿಚ್ಚಿ ಹಾಕುವಂಥದ್ದು. ಬೆಸುಗೆಯದಾದರೆ 16 ಜಿಬಿಗಿಂತ ಕಡಿಮೆಯದನ್ನು ಕೊಳ್ಳಬೇಡಿ.

ಬ್ಯಾಟರಿಯನ್ನು 'ಇಷ್ಟು ತಾಸು' ಎಂಬ ಮಾತಿನಿಂದ ಅಳೆಯಬೇಡಿ, ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ವಿದ್ಯುತ್ತಿನ ಅಳತೆ) ಕೇಳಿ. ಇಂಥ ಯಂತ್ರ ಟೈಪಿಂಗ್, ಎಕ್ಸೆಲ್ ಕೆಲಸಕ್ಕೆ ಸುಮಾರು 8 ವ್ಯಾಟ್ ಎಳೆಯುತ್ತದೆ, ವಿಡಿಯೊ ಕರೆಗೆ 12ರಿಂದ 15. ಭಾಗಿಸಿದರೆ ಉತ್ತರ ಸಿಕ್ಕಿತು: 56 ವ್ಯಾಟ್-ಅವರ್ ಇದ್ದರೆ ಎಕ್ಸೆಲ್ ಕೆಲಸ 7 ತಾಸು, 40 ಇದ್ದರೆ 5 ತಾಸು. ಜುಲೈಯಲ್ಲಿ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ದಿನವಿಡೀ ಕರೆಂಟು ಹೋಗುವ ಘಟ್ಟದ ಊರುಗಳಲ್ಲಿ ಈ 2 ತಾಸಿನ ವ್ಯತ್ಯಾಸಕ್ಕಾಗಿ 150 ಗ್ರಾಂ ಹೆಚ್ಚು ಹೊತ್ತರೂ ನಷ್ಟವಿಲ್ಲ.

ಪ್ರೊಸೆಸರ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮುಂದಿನದು ಬೇಕು. 8ನೇ ತಲೆಮಾರಿನ ಐ5-8350ಯು ನಡೆಯುತ್ತದೆ, 7ನೇ ತಲೆಮಾರಿನ ಐ5-7300ಯು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಕಾರ್ಪೊರೇಟ್ ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ದುಡ್ಡು ಕೊಡುವ ಮೊದಲು ಮಾರುವವರ ಎದುರಿಗೇ ವಿಂಡೋಸ್ ರಿಸೆಟ್ ಮಾಡಿಸಿ, ವೈಫೈ ಜೋಡಿಸಿ. ಮತ್ತೆ ಶುರುವಾಗುವಾಗ ಯಾವುದೋ ಸಂಸ್ಥೆಯ ಹೆಸರು ತೋರಿಸಿ ಅಲ್ಲಿಯ ಇಮೇಲ್ ಕೇಳಿದರೆ, ಆ ಯಂತ್ರ ಇನ್ನೂ ಹಳೆಯ ಕಂಪನಿಯ ಹಿಡಿತದಲ್ಲಿದೆ ಎಂದರ್ಥ. ವಿಂಡೋಸನ್ನು ಮತ್ತೆ ಹಾಕಿದರೂ ಆ ಬೀಗ ತಿರುಗಿ ಬರುತ್ತದೆ. ಬಯೋಸ್‌ಗೂ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಹೋಗಿ ನೋಡಿ. ಯಂತ್ರ ಆನ್ ಆಗುವಾಗ ಒತ್ತಬೇಕಾದ ಕೀಲಿ: ಲೆನೊವೊ ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಪಾಸ್‌ವರ್ಡ್ ಬೇಕೆಂದು ಯಂತ್ರ ಕೇಳಿದರೆ, ಮಾರುವವರಿಗೂ ಅದು ಗೊತ್ತಿಲ್ಲದಿದ್ದರೆ ಅಲ್ಲಿಗೇ ಎದ್ದು ಬನ್ನಿ.

ಆಮೇಲೆ ಬ್ಯಾಟರಿಯ ಜಾತಕ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ 'ಪವರ್‌ಸಿಎಫ್‌ಜಿ' ಎಂದು ಒಂದೇ ಪದವಾಗಿ ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ 'ಬ್ಯಾಟರಿರಿಪೋರ್ಟ್' ಎಂದು ಅದಕ್ಕೆ ತಾಗಿಸಿ ಬರೆದು ಎಂಟರ್ ಒತ್ತಿ. ವರದಿಯ ಫೈಲ್ ಎಲ್ಲಿ ಉಳಿಯಿತು ಎಂಬುದು ಪರದೆಯ ಮೇಲೇ ಕಾಣುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿ ನೋಡಿ. 57,000 ಇದ್ದದ್ದು 45,000ಕ್ಕೆ ಇಳಿದಿದ್ದರೆ 79 ಪ್ರತಿಶತ ಉಳಿದಿದೆ, ಪರವಾಗಿಲ್ಲ. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದೇ ಚೌಕಾಸಿ ಮಾಡಿ. ಯಂತ್ರ ಮುಚ್ಚಿ ಸಮತಟ್ಟಾದ ಮೇಜಿನ ಮೇಲೆ ಇಟ್ಟು ಒಂದು ಮೂಲೆ ಒತ್ತಿ. ಅಲುಗಾಡಿದರೆ, ಅಥವಾ ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಬಿಗಿಯಾಗಿದ್ದರೆ, ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಉಬ್ಬಿದ ಬ್ಯಾಟರಿ ಅಪಾಯ, ಅದನ್ನು ಬಳಸಲೇಬಾರದು.

ಕರಾವಳಿಯಲ್ಲಿ ಬಳಸಿದ ಯಂತ್ರವಾದರೆ ಮೊಬೈಲ್ ಟಾರ್ಚ್ ಹಾಕಿ ಪೋರ್ಟುಗಳ ಒಳಗೆ ನೋಡಿ. ತಗಡಿನ ಮೇಲೆ ಹಸಿರು ಅಥವಾ ಬಿಳಿ ಪುಡಿ, ತಳದ ಸ್ಕ್ರೂಗಳ ತಲೆಯಲ್ಲಿ ಕೆಂಪು ತುಕ್ಕು ಕಂಡರೆ ಉಪ್ಪುಗಾಳಿಯೋ ನೀರೋ ಒಳಗೆ ಹೋಗಿದೆ. ಇವತ್ತು ಸರಿಯಾಗಿ ನಡೆದರೂ ಮುಂದಿನ ಮಳೆಗಾಲದಲ್ಲಿ ಬೋರ್ಡು ಕೈಕೊಡಬಹುದು. ಕೀಬೋರ್ಡಿನ ಪ್ರತಿ ಕೀಲಿಯನ್ನೂ ಒತ್ತಿ ಪರೀಕ್ಷಿಸಿ. ಚಹಾ ಚೆಲ್ಲಿದ್ದರೆ ಹೆಚ್ಚಾಗಿ ಒಂದೆರಡು ಕೀಲಿ ಅಂಟಂಟಾಗಿರುತ್ತವೆ.

ಹೊಸದಾದರೂ ಹಳೆಯದಾದರೂ 20 ನಿಮಿಷ ಕೆಲಸ ಕೊಟ್ಟು ನೋಡಿ. ಫ್ಯಾನಿನ ಕೆಳಗೆ, ಎಸಿ ಇಲ್ಲದ ಕೋಣೆಯಲ್ಲಿ, ವಿಡಿಯೊ ಕರೆ ಹಚ್ಚಿ, ದೊಡ್ಡ ಎಕ್ಸೆಲ್ ಫೈಲ್ ತೆರೆದಿಡಿ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ಸ್ಪೀಡ್ (ಈಗಿನ ವೇಗ), ಬೇಸ್ ಸ್ಪೀಡ್ (ಪ್ರೊಸೆಸರಿಗೆ ಗೊತ್ತುಪಡಿಸಿದ ಮೂಲ ವೇಗ) ಎರಡೂ ಕಾಣುತ್ತವೆ. ಕೆಲಸದ ಹೊರೆ ಇರುವಾಗಲೇ ಸ್ಪೀಡ್ ಬೇಸ್‌ಗಿಂತ ಕೆಳಗೆ ಬಿದ್ದು ಅಲ್ಲೇ ಉಳಿದರೆ ಯಂತ್ರಕ್ಕೆ ತನ್ನ ಶಾಖ ಹೊರಹಾಕಲು ಆಗುತ್ತಿಲ್ಲ. ಮೇ ತಿಂಗಳ ಸೆಖೆಯಲ್ಲಿ ಅದು ಇನ್ನೂ ನಿಧಾನವಾಗುತ್ತದೆ.

ವಾರಂಟಿಯಲ್ಲಿ 'ಆನ್‌ಸೈಟ್' ಎಂದು ಬರೆದಿದ್ದರೆ ಸಾಲದು. ನಿಮ್ಮ ಪಿನ್‌ಕೋಡ್ ಹೇಳಿ, ಉದಾಹರಣೆಗೆ ಕಾರವಾರದ 581301 ಅಥವಾ ಶಿರಸಿಯ 581401, ಅಲ್ಲಿಗೆ ಎಂಜಿನಿಯರ್ ಬರುತ್ತಾರೆಯೇ, ಎಷ್ಟು ದಿನದಲ್ಲಿ ಎಂದು ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಇಲ್ಲದಿದ್ದರೆ ಹುಬ್ಬಳ್ಳಿಗೋ ಮಂಗಳೂರಿಗೋ ಹೊತ್ತೊಯ್ಯುವ ಖರ್ಚು ನಿಮ್ಮದೇ ಆಗಬಹುದು. ವಾರಂಟಿ ಯಾವ ದಿನದಿಂದ ಎಣಿಕೆಯಾಗಿದೆ ಎಂದು ಸೀರಿಯಲ್ ನಂಬರ್ ಹಾಕಿ ಕಂಪನಿಯ ತಾಣದಲ್ಲಿ ನೋಡಿ. ಅಂಗಡಿಯಲ್ಲಿ ಬಹುದಿನ ಉಳಿದ ಯಂತ್ರಕ್ಕೆ ತಿಂಗಳುಗಳೇ ಕಳೆದುಹೋಗಿರುತ್ತವೆ. ಬಿಲ್ ದಿನಾಂಕಕ್ಕೆ ಅದನ್ನು ಸರಿಪಡಿಸಿಕೊಟ್ಟ ಮೇಲೆಯೇ ಹಣ ಕೊಡಿ. ಜಿಎಸ್‌ಟಿ ನೋಂದಣಿ ಇದ್ದವರು ಬಿಲ್ಲಿನಲ್ಲಿ ತಮ್ಮ ನಂಬರ್ ಬರೆಸಿಕೊಳ್ಳಲು ಮರೆಯಬಾರದು. ಲ್ಯಾಪ್‌ಟಾಪಿನ ಮೇಲಿನ 18 ಪ್ರತಿಶತ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯಲು ಅದು ಬೇಕು.