ಡಂಪ್ ಮೇಲೆ ಗಿಡ ಅಳೆದದ್ದು: ಡ್ರೋನ್ ಬಿಟ್ಟು ಬಟ್ಟೆ ವೈರ್ ಹಿಡಿದ ಅನುಭವ

ಹೊಳಲ್ಕೆರೆ ಕಡೆಯ ಒಂದು ಕಬ್ಬಿಣದ ಅದಿರು ಗಣಿಯ ಹಳೇ ಡಂಪ್‌ನಲ್ಲಿ, ಅಂದರೆ ಬೇಡದ ಕಲ್ಲುಮಣ್ಣು ಸುರಿದ ಗುಡ್ಡದಲ್ಲಿ, ಗಿಡ ಎಷ್ಟು ಬಂದಿದೆ ಎಂದು ವರ್ಷಾವರ್ಷ ಲೆಕ್ಕ ಕೊಡುವುದು ನನ್ನ ಕೆಲಸ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜೊತೆಗೆ ನಮ್ಮ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿತಲ್ಲ, ಆಮೇಲೆ ಮತ್ತೆ ಶುರು ಮಾಡಬೇಕಾದರೆ ಆರ್ ಅಂಡ್ ಆರ್ ಪ್ಲಾನ್, ಅಂದರೆ ಹಾಳಾದ ಗಣಿ ಜಾಗ ಸರಿಪಡಿಸುವ ಯೋಜನೆ, ಬೇಕು ಎಂದಾಯಿತು. ಅಲ್ಲಿಂದ ಸಸಿ ನೆಟ್ಟ ಲೆಕ್ಕ ಎಲ್ಲರ ಹತ್ತಿರವೂ ಸಿಗುತ್ತೆ. ಉಳಿದದ್ದೆಷ್ಟು ಅಂತ ಕೇಳಿದರೆ ಫೈಲ್ ಹುಡುಕುತ್ತಾರೆ.

ನಾನು ಮೊದಲು ಸ್ಯಾಟಲೈಟ್ ಚಿತ್ರದಿಂದಲೇ ಮಾಡುತ್ತಿದ್ದೆ. ಸೆಂಟಿನೆಲ್-2 ಪುಕ್ಕಟೆ, ಐದು ದಿನಕ್ಕೊಮ್ಮೆ ಚಿತ್ರ, ಹತ್ತು ಮೀಟರ್ ಚೌಕ. ಎನ್‌ಡಿವಿಐ, ಅಂದರೆ ಚಿತ್ರದಿಂದ ಹಸಿರು ಅಳೆಯುವ ಸೂಚ್ಯಂಕ, ಹಾಕಿದರೆ ಮುಗೀತು. ಆದರೆ ನಮ್ಮ ಬೆಂಚ್‌ಗಳ, ಅಂದರೆ ಡಂಪ್‌ನ ಇಳಿಜಾರಿನ ನಡುವೆ ಬಿಟ್ಟ ಮಟ್ಟಸ ಮೆಟ್ಟಿಲುಗಳ, ಅಗಲವೇ ಏಳೆಂಟು ಮೀಟರ್. ಒಂದು ಚೌಕದಲ್ಲಿ ಬೆಂಚೂ ಇರುತ್ತೆ, ಇಳಿಜಾರೂ ಇರುತ್ತೆ. ಜೊತೆಗೆ ಲಾರಿ ದಾರಿಯ ಪಕ್ಕದ ಗಿಡಗಳ ಮೇಲೆ ಕೆಂಪು ಧೂಳು. ಭೀಮಸಮುದ್ರದ ಕಡೆ ಅಡಿಕೆ ತೋಟ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಧೂಳು ಕೂತ ಎಲೆ ಸ್ಯಾಟಲೈಟ್‌ಗೆ ಹಸಿರಾಗಿ ಕಾಣೋದಿಲ್ಲ. ಒಂದು ಮಳೆ ಬಿದ್ದು ತೊಳೆದರೆ ಅದೇ ಗಿಡ ವಾರದಲ್ಲಿ 'ಬೆಳೆದುಬಿಡುತ್ತೆ'.

2022ರಲ್ಲಿ ಮಳೆ ಹೇಗಿತ್ತು ಅಂತ ಜಿಲ್ಲೆಯವರಿಗೆಲ್ಲ ಗೊತ್ತು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ಆ ಅಕ್ಟೋಬರ್‌ನಲ್ಲಿ ಡ್ರೋನ್ ಹಾರಿಸಿದವರು ನಮ್ಮ ಡಂಪ್ ಶೇ 70ರಷ್ಟು ಹಸಿರು ಅಂತ ಬರೆದುಕೊಟ್ಟರು. ಎಲ್ಲರಿಗೂ ಖುಷಿ. ನಾನು ಹತ್ತಿ ನೋಡಿದರೆ ಅರ್ಧಕ್ಕರ್ಧ ಕಾಂಗ್ರೆಸ್ ಗಿಡ, ತುಂಬೆ, ಮಳೆಗಾಲದ ಹುಲ್ಲು. ಸಂಕ್ರಾಂತಿ ಹೊತ್ತಿಗೆ ಒಣಗುವ ಸರಕು. ಮಣ್ಣು ಹಿಡಿಯೋದು ತಂಗಡಿ, ಬಂದರಿಕೆ, ಲಾವಂಚ, ಹೊಂಗೆ. ಅವನ್ನು ಬೇರೆ ಎಣಿಸಬೇಕು ಅಂದೆ. 'ಕೈಯಲ್ಲಿ ಎಣಿಸ್ತೀರಾ? ಯಾವ ಕಾಲದಲ್ಲಿದ್ದೀರಿ?' ಅಂತ ಸೈಟ್ ಇಂಜಿನಿಯರ್ ನಕ್ಕರು.

ನಾನು ಹಿಡಿದದ್ದು ಪಾಯಿಂಟ್ ಲೆಕ್ಕ: ಗೆರೆ ಹಿಡಿದು, ಪ್ರತಿ ಗುರುತಿನ ಕೆಳಗೆ ಗಿಡ ಇದೆಯೋ ಬರೀ ನೆಲವೋ ಎಂದು ನೋಡೋದು. ಐವತ್ತು ಮೀಟರ್ ಗೆರೆ, ಅರ್ಧ ಮೀಟರ್‌ಗೊಂದು ಗುರುತು, ನೂರು ಗುರುತಿಗೆ ನೂರು ಉತ್ತರ. ಗುಣಾಕಾರವೇ ಬೇಡ, ಎಣಿಸಿದ್ದೇ ಶೇಕಡಾವಾರು. ತೊಂದರೆ ಇದ್ದದ್ದು ಸಾಮಾನಿನಲ್ಲಿ. ನೈಲಾನ್ ಹಗ್ಗ ಇಳಿಜಾರಿನಲ್ಲಿ ಎಳೆದರೆ ಉದ್ದವಾಗುತ್ತೆ. ತೆಂಗಿನ ಹಗ್ಗ ನೆಂದರೆ ಕುಗ್ಗುತ್ತೆ. ಕೊನೆಗೆ ಕೈಗೆ ಬಂದದ್ದು ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹೊದಿಕೆಯ ಕಬ್ಬಿಣದ ವೈರ್. ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿದೆ. ಗುರುತಿನಿಂದ ಸೈಕಲ್ ಸ್ಪೋಕ್ ನೇರ ಕೆಳಗಿಳಿಸಿ, ಏನು ತಾಗಿತೋ ಅದನ್ನು ಬರೆಯುವುದು. ಮೇಲೆ ತಾಗಿದ್ದೂ ಬೇಕು, ನೆಲದಲ್ಲಿ ತಾಗಿದ್ದೂ ಬೇಕು. ಮಾರ್ಚ್ ಕೊನೆಗೆ ಎಣಿಸಿ. ಆಗಲೂ ಜೀವ ಇರೋದಷ್ಟೇ ಲೆಕ್ಕಕ್ಕೆ.

ನಿಜವಾಗಿ ದುಡ್ಡು ತಿಂದದ್ದು ಗೂಟ. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೇಳುತ್ತೆ. ಹಾಗಾಗಿ ಗೆರೆಯ ಎರಡೂ ತುದಿಗೆ ಗೂಟ ಬೇಕೇ ಬೇಕು. ಮೊದಲು ಹುಗಿದದ್ದು ಕಬ್ಬಿಣದ ಸರಳು. ಎಂಟು ಸಾವಿರದಷ್ಟು ಖರ್ಚಾಗಿತ್ತು. ಯುಗಾದಿ ಹೊತ್ತಿಗೆ ಎಲ್ಲ ಗುಜರಿ ಸೇರಿತ್ತು. ಬಣ್ಣ ಬಳಿದ ಕಲ್ಲಿಟ್ಟರೆ ಅದು ಮಳೆಗೆ ಕೆಳಗಿನ ಬೆಂಚ್‌ಗೆ ಉರುಳಿತು. ಆಮೇಲೆ ಪಿವಿಸಿ ಪೈಪ್ ತುಂಡಿಗೆ ಸಿಮೆಂಟ್ ತುಂಬಿ ಎರಡಡಿ ಆಳಕ್ಕೆ ಹುಗಿದೆ. ಗುಜರಿಯವನು ಅದಕ್ಕೆ ಕಾಸು ಕೊಡಲ್ಲ, ಹಾಗಾಗಿ ಇವತ್ತಿಗೂ ಇವೆ. ಇನ್ನೊಂದು ಲಾಭವೂ ಸಿಕ್ಕಿತು. ನೆಲಮಟ್ಟಕ್ಕೆ ಗೀರು ಹಾಕಿಟ್ಟರೆ, ಮಳೆಗಾಲ ಮುಗಿದ ಮೇಲೆ ಎಷ್ಟು ಮಣ್ಣು ಕೊಚ್ಚಿತು ಅಂತ ಪೈಪೇ ಹೇಳುತ್ತೆ. ತೆಂಗಿನ ನಾರಿನ ಚಾಪೆ ಹಾಸಿದ ಕಡೆ ಬೆರಳಗಲವೂ ಹೋಗಿರಲಿಲ್ಲ. ಬರಿಯ ಇಳಿಜಾರಿನಲ್ಲಿ ಗೇಣಿನ ಹತ್ತಿರ.

ನಡುವೆ ಕುರಿ ಪ್ರಯೋಗವೂ ಆಯಿತು. ಹೊಲಕ್ಕೆ ಕುರಿ ಮಂದೆ ನಿಲ್ಲಿಸುವ ಹಾಗೆ ಒಂದು ಬೆಂಚ್ ಮೇಲೆ ನಿಲ್ಲಿಸಿ ನೋಡೋಣ ಅಂತ ಕುರಿ ಕಾಯುವ ಅಜ್ಜನ ಹತ್ತಿರ ಮಾತಾಡಿದೆ. ಅವರು ನನ್ನ ವೈರ್ ನೋಡಿ, 'ಏನ್ ಸಾರ್, ಇಲ್ಲೂ ಸೈಟ್ ಮಾಡ್ತೀರಾ?' ಅಂದರು. ರಾತ್ರಿಗೆ ಸಾವಿರದ ಚಿಲ್ಲರೆ ತಗೊಂಡರು. ಗೊಬ್ಬರ ಚೆನ್ನಾಗಿ ಬಿತ್ತು, ಹುಲ್ಲೂ ಬಂತು. ಜೊತೆಗೆ ಬಳ್ಳಾರಿ ಜಾಲಿಯೂ ಎದ್ದಿತು. ಕುರಿ ತಿಂದ ಜಾಲಿ ಕಾಯಿಯ ಬೀಜ ಹಿಕ್ಕೆಯಲ್ಲೇ ಮೊಳೆಯುತ್ತೆ ಅಲ್ವಾ. ಕೀಳಿಸಲು ಕೂಲಿ ಬೇರೆ. ಜಾಲಿ ಕಾಯಿ ಉದುರುವ ಕಾಲ ಬಿಟ್ಟು ಮಂದೆ ಹಾಕಿಸಿದರೆ ಹೇಗೆ ಅಂತ ಇನ್ನೊಮ್ಮೆ ನೋಡಬೇಕು. ಮಣ್ಣಿನಲ್ಲೇ ಬೀಜ ಎಷ್ಟಿದೆ ಅಂತ ತಿಳಿಯಲು ಮನೆಯಲ್ಲಿ ಮೊಸರಿನ ಡಬ್ಬಗಳಿಗೆ ಡಂಪ್ ಮಣ್ಣು ತುಂಬಿ ನೀರು ಹಾಕಿಯೂ ನೋಡಿದೆ. ಮೇಲ್ಮಣ್ಣು ಹರಡಿದ ಜಾಗದ ಡಬ್ಬ ತುಂಬ ಮೊಳಕೆ, ಬರೀ ಕಲ್ಲುಮಣ್ಣಿನ ಡಬ್ಬದಲ್ಲಿ ಹೆಚ್ಚೂ ಕಡಿಮೆ ಏನಿಲ್ಲ. ಮನೆಯವರ ಬೈಗುಳ ಮಾತ್ರ ಎರಡಕ್ಕೂ ಸಮ.

2023ರ ಮಾರ್ಚ್‌ನಲ್ಲಿ ನನ್ನ ವೈರ್ ಹೇಳಿದ್ದು ಶೇ 38ರ ಆಸುಪಾಸು. ಡ್ರೋನಿನ 70ರ ಮುಂದೆ ಅದನ್ನು ಇಟ್ಟಾಗ ಮೀಟಿಂಗ್‌ನಲ್ಲಿ ಯಾರೂ ಒಪ್ಪಲಿಲ್ಲ. ಆ ವರ್ಷ ಬರ ಬಂತು. ಮುಂದಿನ ಬೇಸಿಗೆಗೆ ಅದೇ ಗೂಟಗಳ ನಡುವೆ ಎಣಿಸಿದರೆ 35, 36. ಡ್ರೋನ್ ಹಸಿರು 30ಕ್ಕಿಂತ ಕೆಳಗಿಳಿದಿತ್ತು, ಯಾಕೆಂದರೆ ಎಲೆ ಉದುರಿಸಿ ನಿಂತ ಗಿಡ ಮೇಲಿನಿಂದ ಕಾಣಲ್ಲ. ಒಣಗಿದಂತೆ ಕಾಣುವ ಕಡ್ಡಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ನಾನು ಹೇಗೆ ಗೊತ್ತು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಉಗುರಿನಲ್ಲಿ ತೊಗಟೆ ಕೆರೆಯೋದು ಎಲ್ಲರಿಗೂ ಗೊತ್ತು, ಅದಷ್ಟೇ ಸಾಲದು. ಗೆರೆ ಎಲ್ಲಿಂದ ಶುರು ಮಾಡಬೇಕು ಅನ್ನೋದೂ ನನ್ನ ಹತ್ತಿರವೇ ಇರಲಿ.

ಡ್ರೋನ್‌ಗೆ ದಿನಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಕೇಳುತ್ತಾರೆ. ನನ್ನದು ವೈರ್, ಪೈಪ್, ಸಿಮೆಂಟ್ ಸೇರಿ ಮೂರು ಸಾವಿರ ದಾಟಿಲ್ಲ, ಇಬ್ಬರ ಕೂಲಿ ಬೇರೆ. ಡ್ರೋನ್ ಬೇಡ ಅಂತಲ್ಲ. ಡಂಪ್‌ನ ಅಂಚು ಎಲ್ಲಿ ಕುಸಿದಿದೆ ಎಂದು ನೋಡಲು ಅದೇ ಸರಿ. ನಕ್ಕಿದ್ದ ಇಂಜಿನಿಯರ್ ಈಗ ಪಕ್ಕದ ಡಂಪ್‌ಗೂ ನನ್ನನ್ನೇ ಕರೆದಿದ್ದಾರೆ. ರೇಟ್ ಸ್ವಲ್ಪ ಏರಿಸಿ ಹೇಳಿದ್ದೇನೆ.