ಒಂಬತ್ತನೇ ನಂಬರಿನ ಹಳದಿ ಪುಡಿ

ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಮಲೇರಿಯಾ ರೋಗಾಣು ಬೆಳೆಸುವ ಅನುಕೂಲ ಇಲ್ಲ. ಅದಕ್ಕೆ ಮನುಷ್ಯರ ರಕ್ತ ಬೇಕು, ಆಮ್ಲಜನಕ ಕಡಿಮೆ ಇರುವ ಇನ್‌ಕ್ಯುಬೇಟರ್ ಬೇಕು, ರಜೆ ದಿನವೂ ಬಂದು ನೋಡಿಕೊಳ್ಳುವವರು ಬೇಕು. ಹಾಗಾಗಿ ಮಲೇರಿಯಾಕ್ಕೆ ಔಷಧವಾಗಬಹುದೇನೋ ಅಂತ ನಾನು ತಯಾರಿಸಿದ 14 ಸಂಯುಕ್ತಗಳಿಗೆ ಮೊದಲು ರೋಗಾಣುವೇ ಇಲ್ಲದ ಪರೀಕ್ಷೆ ಮಾಡಿದೆ.

ರೋಗಾಣು ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಬಿಡುಗಡೆಯಾಗುವ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣ ಇರುವ ಭಾಗ) ಅದಕ್ಕೇ ವಿಷ. ಅದಕ್ಕೆ ಹೀಮನ್ನು ಕಂದು ಹರಳು ಮಾಡಿ ಇಟ್ಟುಬಿಡುತ್ತದೆ. ಮಲೇರಿಯಾದ ಹಳೇ ಔಷಧ ಕ್ಲೋರೋಕ್ವಿನ್ ಈ ಹರಳು ಕಟ್ಟಲು ಬಿಡುವುದಿಲ್ಲ. ನನ್ನ ಸಂಯುಕ್ತಗಳೂ ಹಾಗೇ ಮಾಡುತ್ತವಾ ಅಂತ ನೋಡಬೇಕಿತ್ತು.

96 ಗುಳಿಗಳ ಪ್ಲೇಟಿನಲ್ಲಿ ಹೀಮ್, ಹುಳಿ ಬಫರ್, ಸಂಯುಕ್ತ ಹಾಕಿ 60 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಆಮೇಲೆ ಪಿರಿಡಿನ್ ಎಂಬ ದ್ರವ ಹಾಕಿದೆ. ಅದು ಹರಳಾಗದೆ ಉಳಿದ ಹೀಮನ್ನು ಮಾತ್ರ ಹಿಡಿಯುತ್ತದೆ. ಪ್ರತಿ ಗುಳಿ 405 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆಂದು ಯಂತ್ರ ಅಳೆಯುತ್ತದೆ; ಆ ಓದು ಜಾಸ್ತಿ ಬಂದರೆ ಸಂಯುಕ್ತ ಕೆಲಸ ಮಾಡಿದೆ ಎಂದರ್ಥ. ಪಿರಿಡಿನ್ನಿನದು ಕೊಳೆತ ಮೀನಿನ ವಾಸನೆ. ಫ್ಯೂಮ್ ಹುಡ್ಡಿನಲ್ಲೇ ಕೆಲಸ ಮಾಡಿದ್ದರೂ ಸಂಜೆ ಸಿಟಿ ಬಸ್ಸಿನಲ್ಲಿ ಪಕ್ಕದಾಕೆ ಎದ್ದು ಬೇರೆ ಸೀಟಿಗೆ ಹೋದರು.

ಒಂಬತ್ತನೇ ಸಂಯುಕ್ತ ಕ್ಲೋರೋಕ್ವಿನ್ನನ್ನೂ ಮೀರಿಸಿತ್ತು! ಲ್ಯಾಬಿನವರಿಗೆಲ್ಲ ಮಂಡಕ್ಕಿ, ಮಿರ್ಚಿ ಕೊಡಿಸಿದೆ. ನಮ್ಮ ಗೈಡ್ ಮೇಡಂ ಮಾತ್ರ ಮಿರ್ಚಿ ಮುಟ್ಟದೆ ಸೀಸೆ ಎತ್ತಿ ಬೆಳಕಿಗೆ ಹಿಡಿದರು. "ಇದು ಹಳದಿ ಅಲ್ವೇನಮ್ಮಾ? ಬರೀ ಇದನ್ನೇ ಹಾಕಿದ ಗುಳಿ ಎಲ್ಲಿ?"

ಇರಲಿಲ್ಲ. ಕ್ಲೋರೋಕ್ವಿನ್ನಿನಲ್ಲೂ ಇರುವ ಕ್ವಿನೊಲಿನ್ ಚೌಕಟ್ಟಿಗೆ ಚಾಲ್ಕೋನ್ ಎಂಬ, ಸಾಮಾನ್ಯವಾಗಿ ಹಳದಿಯಾದ ಸಂಯುಕ್ತ ಜೋಡಿಸಿದ ಪುಡಿ ಅದು, ಅರಿಶಿನದಂತೆ ಇತ್ತು. ಹಳದಿ ವಸ್ತು ನೇರಳೆ ಬೆಳಕನ್ನು ಹೀರುತ್ತದೆ, 405 ಎಂದರೆ ನೇರಳೆಯೇ. ಯಂತ್ರ ಅದರ ಬಣ್ಣವನ್ನೂ ಹೀಮಿನ ಲೆಕ್ಕಕ್ಕೆ ಸೇರಿಸಿತ್ತು. ಹೀಮ್ ಇಲ್ಲದೆ ಸಂಯುಕ್ತ ಮಾತ್ರ ಹಾಕಿದ ಗುಳಿಗಳನ್ನು ಇಟ್ಟು, ಆ ಓದನ್ನು ಕಳೆದು ನೋಡಿದರೆ ಒಂಬತ್ತರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯಲಿಲ್ಲ.

14ರಲ್ಲಿ ಪರೀಕ್ಷೆ ದಾಟಿ ಉಳಿದಿದ್ದು ಮೂರು. ಅವನ್ನು ರೋಗಾಣು ಬೆಳೆಸುವ ಬೇರೆ ಊರಿನ ಲ್ಯಾಬಿಗೆ ಕಳಿಸಿದೆವು. ಒಂದು ಪರವಾಗಿಲ್ಲ ಎನಿಸಿತು, ಎರಡು ಬಿದ್ದುಹೋದವು. ಕ್ಲೋರೋಕ್ವಿನ್ ಕ್ಷಾರ ಗುಣದ್ದು. ರೋಗಾಣುವಿನ ಹುಳಿ ಚೀಲದೊಳಗೆ ಹೋದರೆ ಸಿಕ್ಕಿಕೊಂಡು ಅಲ್ಲೇ ರಾಶಿಯಾಗುತ್ತದೆ. ಬಿದ್ದ ಎರಡರಲ್ಲೂ ಹಾಗೆ ಸಿಕ್ಕಿಸುವ, ಅಮೈನ್ ಎಂಬ ಕ್ಷಾರ ಗುಣದ ಕೊಂಡಿ ಇರಲಿಲ್ಲ. ಈಗ ಅದನ್ನು ಸೇರಿಸುತ್ತಿದ್ದೇನೆ. ಹೊಸ ಪುಡಿಯೂ ಹಳದಿಯೇ.